ಲಕ್ಕವ್ವನ ಎಡಗೈ

ಕೊರೊನಾ ಮುಗಿದು ಶಾಲೆಗಳು ಮತ್ತೆ ನೆಟ್ಟಗೆ ನಡೆಯತೊಡಗಿದ ವರ್ಷ ನಾನು ಇಂಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿದ್ದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಎಲ್ಲ ಸುತ್ತಿ ಬಂದ ಮೇಲೆ ಸಿಕ್ಕ ಕೊನೆಯ ಜಾಗ ಅದು. ಊರಿನ ಹೆಸರು ಹೇಳುವುದಿಲ್ಲ. ಲಚ್ಯಾಣದ ಕಡೆಯ ಬಸ್ಸು ಹತ್ತಿ ನಡುವೆ ಇಳಿದು ಸ್ವಲ್ಪ ನಡೆಯಬೇಕು, ಇಷ್ಟು ಸಾಕು. ನನ್ನ ಸಿಟ್ಟು ಇನ್ನೂ ಆರಿಲ್ಲ, ಆದರೆ ಅದು ಆ ಊರಿನ ಮೇಲಿನ ಸಿಟ್ಟಲ್ಲ.

ಇಂಡಿಯಿಂದ ಅದೇ ಬಸ್ಸಿಗೆ ನನ್ನ ಜೊತೆ ಬರುತ್ತಿದ್ದವರು ವಿಜ್ಞಾನದ ಸುವರ್ಣಾ ಟೀಚರ್. ನನಗಿಂತ ಬಹಳ ಚಿಕ್ಕವರು, ಅಕ್ಕಾ ಅಕ್ಕಾ ಎಂದು ಬೆನ್ನು ಹತ್ತಿದವರು. ಮಧ್ಯಾಹ್ನ ಅವರ ಡಬ್ಬಿಯ ಶೇಂಗಾ ಚಟ್ನಿ ನನ್ನ ರೊಟ್ಟಿಗೆ, ನನ್ನ ಡಬ್ಬಿಯ ಬದನೆಕಾಯಿ ಪಲ್ಯ ಅವರ ರೊಟ್ಟಿಗೆ. ಅವರ ಬಾಣಂತನದಲ್ಲಿ ನಾನು ರಜೆ ಹಾಕಿ ಓಡಾಡಿದ್ದೆ. ಇದನ್ನೇಕೆ ಹೇಳುತ್ತಿದ್ದೇನೆಂದರೆ, ಯಾರು ಮಾಡಿದರು ಎನ್ನುವುದು ಗೊತ್ತಿರಲಿ ಎಂದು.

ಮೊದಲು ನನ್ನ ಪಾಠದ ರೀತಿ ಹೇಳುತ್ತೇನೆ. ಕ್ರಿಯಾಪದ ಒಂದು ದಿನ, ಸರ್ವನಾಮ ಒಂದು ದಿನ, ಗುಣವಾಚಕ ಮತ್ತೊಂದು ದಿನ ಎಂದು ಬಿಡಿಬಿಡಿಯಾಗಿ ಕಲಿಸಿ ಕಲಿಸಿ ನಾವು ಮಕ್ಕಳ ನಾಲಿಗೆ ಒಣಗಿಸಿದ್ದೆವು. ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ, ಒಂದು ವಾಕ್ಯ ಮಾತ್ರ ಯಾರ ಬಾಯಿಂದಲೂ ಹೊರಡದು. ಆದ್ದರಿಂದ ನಾನು ಬೋರ್ಡಿನ ಮೇಲೆ ಮೂರು ಸಾಲು ಬರೆಯುತ್ತಿದ್ದೆ. ಒಂದರಲ್ಲಿ ಐ, ಯು, ಹಿ, ಶಿ. ಇನ್ನೊಂದರಲ್ಲಿ ಆ್ಯಮ್, ಆರ್, ಲುಕ್ಸ್, ಫೀಲ್ಸ್. ಕೊನೆಯದರಲ್ಲಿ ಹಂಗ್ರಿ, ಟೈರ್ಡ್, ಹ್ಯಾಪಿ, ಲೇಟ್. ಮೂರರಿಂದಲೂ ಒಂದೊಂದು ಎತ್ತಿ ಜೋಡಿಸಿ, ಎದುರಿಗಿರುವ ಜೀವಂತ ಮನುಷ್ಯರ ಬಗ್ಗೆ ಮಾತಾಡಬೇಕು. ನಮ್ಮಲ್ಲಿ ಹಸಿವು, ಸಿಟ್ಟು, ನಿದ್ದೆ ಎಲ್ಲ ನಮಗೆ ಬರುತ್ತವೆ, ಬಂದ ನೆಂಟರಂತೆ ಹೋಗುತ್ತವೆ. ಇಂಗ್ಲಿಷಿನಲ್ಲಿ ಹಾಗಲ್ಲ, ಮನುಷ್ಯನೇ ಎದ್ದು ನಿಂತು 'ಐ ಆ್ಯಮ್' ಎನ್ನಬೇಕು. ಇದು ತಲೆಗೆ ಹೋದರೆ ಅರ್ಧ ಇಂಗ್ಲಿಷ್ ಬಂದಂತೆ. 'ಐ ಆ್ಯಮ್ ಹಂಗ್ರಿ' ಎಂದು ಹೇಳಿಕೊಟ್ಟರೆ ಹಿಂದಿನ ಬೆಂಚಿನಿಂದ 'ಹೆಂಗ್ರಿ ಅಕ್ಕೋರ?' ಎಂದು ಒಂದು ದನಿ ಬರುತ್ತಿತ್ತು. ನಾನೂ ನಗುತ್ತಿದ್ದೆ.

ತೊಡಕಾಗಿದ್ದು 'ಯು'. ನೀನು, ನೀವು ಎರಡಕ್ಕೂ ಅಲ್ಲಿ ಒಂದೇ ಪದ ಎಂದು ಎಷ್ಟು ಹೇಳಿದರೂ, ಹಿರಿಯರಿಗೆ ಬರಿ 'ಯು' ಎನ್ನಲು ನಮ್ಮ ಕಡೆಯ ಮಕ್ಕಳಿಗೆ ಬಾಯೇ ಬರುವುದಿಲ್ಲ. ಬಾಲಕ್ಕೆ ಒಂದು 'ರಿ' ಹಚ್ಚುತ್ತಾರೆ. 'ಯು ಆರ್ ಗುಡ್ ರಿ ಅಕ್ಕೋರ.' ಪರೀಕ್ಷೆಯಲ್ಲಿ ಹೇಗೂ ಬರೆಯುವುದಿಲ್ಲ, ಮಾತಿನಲ್ಲಿ ಇರಲಿ ಬಿಡು ಎಂದು ನಾನು ತಿದ್ದುತ್ತಿರಲಿಲ್ಲ. ಆ 'ರಿ' ಕೇಳಲು ನನಗೆ ಇಷ್ಟವಾಗುತ್ತಿತ್ತು.

ಒಂಬತ್ತನೆಯ ತರಗತಿಯಲ್ಲಿ ಲಕ್ಕವ್ವ ಎಂಬ ಹುಡುಗಿ ಇದ್ದಳು. ಅಪ್ಪ ಅಮೋಗೆಪ್ಪನದು ಕುರಿ ಹಿಂಡು. ಮೇವು ಹುಡುಕಿ ಹೋದಾಗ ಮಗಳನ್ನೂ ಕರೆದೊಯ್ಯುತ್ತಿದ್ದುದರಿಂದ ಬರವಣಿಗೆಯಲ್ಲಿ ಹಿಂದೆ. ಬಾಯಿ ಮಾತ್ರ ಎಲ್ಲರಿಗಿಂತ ಮುಂದೆ. ಕುರಿಗೆ 'ಇಟ್' ಎನ್ನಬೇಕು ಎಂದರೆ ಒಪ್ಪುತ್ತಿರಲಿಲ್ಲ. "ಇಟ್ ಅಲ್ರಿ ಅಕ್ಕೋರ, ಆಕಿಗೊಂದು ಹೆಸರೈತಿ. ಶಿ ಲುಕ್ಸ್ ಟೈರ್ಡ್ ರಿ" ಎನ್ನುತ್ತಿದ್ದಳು. ಯಾವ ಪುಸ್ತಕವೂ ಕೊಡದ ವಾಕ್ಯಗಳನ್ನು ಆ ಹುಡುಗಿ ತಾನೇ ಜೋಡಿಸುತ್ತಿದ್ದಳು.

ಆದರೆ ಹೆಡ್ ಮಾಸ್ತರರ ಕಣ್ಣಿಗೆ ಅವಳು ಹತ್ತನೆಯ ತರಗತಿಯ ರಿಸಲ್ಟ್ ಕೆಡಿಸುವ ಹುಡುಗಿ. ಅಂಥವರ ಪಾಲಕರನ್ನು ಕರೆಸಿ, ಮೆಲ್ಲಗೆ ಪುಸಲಾಯಿಸಿ ಟಿ.ಸಿ. ಕೊಟ್ಟು ಕಳಿಸುವುದು, ಅಂದರೆ ಶಾಲೆಯಿಂದ ಹೆಸರು ತೆಗೆಯುವುದು, ಕೆಲವು ಕಡೆ ನಡೆಯುತ್ತದೆ. ನಾನು ಜಗಳಕ್ಕೇ ನಿಂತೆ. ಆಗ ಅವರು, "ಬರೂ ವಾರ ಸಾಹೇಬರು ಬರ್ತಾರ, ನಿಮ್ಮ ಮಾದರಿ ಪಾಠ ಐತಿ. ಅವರ ಮುಂದ ಆಕಿ ಎದ್ದು ನಿಂತು ಮಾತಾಡ್ಲಿ, ಹತ್ತನೆತ್ತಿಗೆ ಕಳಸೂದು ನನ್ನ ಜವಾಬ್ದಾರಿ" ಎಂದರು. ಸುವರ್ಣಾ ಪಕ್ಕದಲ್ಲೇ ಇದ್ದರು. "ಅಕ್ಕಾ, ಗೆದ್ರಿ ಬಿಡ್ರಿ" ಎಂದು ನನ್ನ ಕೈ ಹಿಡಿದರು.

ಮಾದರಿ ಪಾಠ ಎಂದರೆ ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಪಾಠ. ಅದಕ್ಕೊಂದು ಹಳೆಯ ಕಳ್ಳದಾರಿ ಇದೆ. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರ್ ಬಲಗೈಯವರನ್ನೇ ಎಬ್ಬಿಸುತ್ತಾರೆ, ಸಾಹೇಬರು ಖುಷಿಯಾಗುತ್ತಾರೆ. ಇಡೀ ನೌಕರಿಯಲ್ಲಿ ನಾನು ಅದನ್ನು ಮಾಡಿಸಿದವಳಲ್ಲ. ಆ ಪಾಠದ ಹಿಂದಿನ ದಿನ ನನಗೆ ಇಂಡಿಯಲ್ಲಿ ತರಬೇತಿ ಸಭೆ ಇತ್ತು. ಮಕ್ಕಳನ್ನು ಸ್ವಲ್ಪ ನೋಡಿಕೊಳ್ಳಿ ಎಂದು ಸುವರ್ಣಾಗೆ ಹೇಳಿ ಹೋಗಿದ್ದೆ.

ಪಾಠದ ದಿನ ಸಾಹೇಬರು ಬೆವರು ಒರೆಸಿಕೊಳ್ಳುತ್ತ ಬಂದು ಕೂತರು. ನಾನು ಅವರನ್ನೇ ತೋರಿಸಿ, ಇವರು ಹೇಗೆ ಕಾಣುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಇಡೀ ತರಗತಿಯ ಕೈಗಳು ಮೇಲೆದ್ದವು. ಲಕ್ಕವ್ವ ಎತ್ತಿದ್ದು ಎಡಗೈ. ನನ್ನ ತರಗತಿಯಲ್ಲಿ ಯಾವ ಕೈಗೂ ಅರ್ಥವಿರಲಿಲ್ಲವಲ್ಲ, ನಾನು ಅವಳನ್ನೇ ಎಬ್ಬಿಸಿದೆ. ಎದ್ದಳು. ತುಟಿ ಅಲುಗಿತು, ಮತ್ತೆ ಮುಚ್ಚಿತು. ಎತ್ತಿದ ಎಡಗೈ ಇಳಿಸಿರಲಿಲ್ಲ. ನನ್ನನ್ನು ಅವಳು ನೋಡಿದ ರೀತಿಯ ಅರ್ಥ ನನಗೆ ಆಗ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದೆ. "ಇರ್ಲಿ ಬಿಡ್ರಿ, ಮುಂದಿನವರು ಹೇಳ್ಲಿ" ಎಂದರು ಸಾಹೇಬರು. ಹೆಡ್ ಮಾಸ್ತರರು ಕನ್ನಡಕ ಸರಿಮಾಡಿಕೊಂಡರು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಅವಳ ಬೆಂಚಿನ ಸಾವಿತ್ರಿಯನ್ನು ಕರೆದು ಕೇಳಿದೆ.

"ನೀವ ಹೇಳಿ ಕಳಿಸಿದ್ರಂತಲ್ರಿ ಅಕ್ಕೋರ" ಎಂದಳು ಸಾವಿತ್ರಿ. "ಲಕ್ಕವ್ವ ಎಡಗೈ ಎತ್ತಬೇಕು, ಎಬ್ಬಿಸಿದ್ರೂ ಬಾಯಿ ತೆಗೀಬಾರ್ದು, ಆಕಿ ಮಾತಾಡಿದ್ರ ನಮ್ಮ ಮರ್ಯಾದಿ ಹೋಗ್ತೈತಿ ಅಂತ. ಸುವರ್ಣಾ ಟೀಚರ್ ಎಲ್ಲಾರ ಮುಂದ ಹೇಳಿದ್ರು. ಲಕ್ಕವ್ವ ಬಾಳ ಅತ್ತಳ್ರಿ."

ಸ್ಟಾಫ್ ರೂಮಿನಲ್ಲಿ ಸುವರ್ಣಾ ಡಬ್ಬಿ ಬಿಚ್ಚಿ ನನಗಾಗಿ ಕಾಯುತ್ತಿದ್ದರು. ನಿಂತೇ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ.

"ಹೌದಕ್ಕಾ, ನಾನ ಹೇಳೇನಿ. ಮುಂದಿನ ವರ್ಷ ಹತ್ತನೆತ್ತ ನನ್ನ ಕೊಳ್ಳಿಗೆ ಬೀಳ್ತೈತಿ. ನೀವು ರಿಟೈರ್ ಆಗಿ ಮನ್ಯಾಗ ಕುಂದರ್ತೀರಿ. ರಿಸಲ್ಟ್ ಬಿದ್ರ ನೋಟಿಸ್ ಬರೂದು ನನಗ."

"ನನ್ನ ಹೆಸರು ಯಾಕ ಹೇಳಿದ್ರಿ?"

"ನಿಮ್ಮ ಹೆಸರು ಹೇಳದಿದ್ರ ಆಕಿ ಕೇಳ್ತಿದ್ದಿಲ್ಲ."

ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತಾರಲ್ಲ, ಅದು ಹೇಗಿರುತ್ತದೆ ಎಂದು ಅಂದು ಗೊತ್ತಾಯಿತು. ಆ ಹುಡುಗಿಗೆ ನನ್ನ ಮೇಲಿದ್ದ ನಂಬಿಕೆಯನ್ನೇ ಚಾಕು ಮಾಡಿಕೊಂಡಿದ್ದರು. ಅಂದು ನಾನು ಉಣ್ಣಲಿಲ್ಲ. ನಿವೃತ್ತಿಯವರೆಗೆ ಆ ಡಬ್ಬಿಗೆ ಮತ್ತೆ ಕೈ ಹಾಕಲಿಲ್ಲ.

ಹೆಡ್ ಮಾಸ್ತರರ ಬಳಿ ಓಡಿದೆ. ಅಮೋಗೆಪ್ಪ ಆಗಲೇ ಬಂದು ಟಿ.ಸಿ. ಒಯ್ದಿದ್ದ. "ಸಾಹೇಬರ ಮುಂದ ಆಗಿದ್ದು ನೀವ ನೋಡೀರಲ್ರಿ" ಎಂದರು. ನಡೆದದ್ದನ್ನು ಹೇಳಿದೆ, ಕೂಗಾಡಿದೆ. ಅಪ್ಪ ತಿರುಗಿ ಬಂದು ಕೇಳಿದರೆ ನೋಡೋಣ ಎಂದು ಅವರು ಸಹಿ ಹಾಕುವ ಕಾಗದಗಳ ಕಡೆ ತಿರುಗಿದರು.

ಸಂಜೆ ಬಸ್ಸು ಬಿಟ್ಟು ಹೊಲದ ದಾರಿ ಹಿಡಿದೆ. ತೊಗರಿ ಕಿತ್ತ ಹೊಲದಲ್ಲಿ ಕುರಿ ನಿಲ್ಲಿಸಿದ್ದವರು ಭೀಮಾ ತೀರದ ಕಡೆ ಹೊರಡಲು ಗಂಟು ಕಟ್ಟುತ್ತಿದ್ದರು. "ಹೋಗಲಿ ಬಿಡ್ರಿ ಅಕ್ಕೋರ" ಎಂದ ಅಮೋಗೆಪ್ಪ, "ಸಾಲಿ ಬ್ಯಾಡ ಅಂತ ಆಕೀನ ಅಂತಾಳ." ಲಕ್ಕವ್ವ ಒಂದು ಮರಿಯನ್ನು ಎತ್ತಿಕೊಂಡು ನಿಂತಿದ್ದಳು. ನಾನು ಹೇಳಿ ಕಳಿಸಿಲ್ಲ, ನನ್ನ ಹೆಸರಲ್ಲಿ ಬೇರೆಯವರು ಹೇಳಿದ್ದು ಎಂದು ಎಲ್ಲವನ್ನೂ ಹೇಳಿದೆ. ನಾಳೆಯೇ ಬಾ, ನಿನ್ನ ಅಪ್ಪನ ಜೊತೆ ನಾನೂ ಬರುತ್ತೇನೆ ಎಂದೆ. ಕೊನೆಯತನಕ ಕೇಳಿದಳು. ನಂಬಿದಳೋ ಇಲ್ಲವೋ, ಇಂದಿಗೂ ತಿಳಿಯದು. ನನ್ನ ಮುಖವನ್ನೇ ನೋಡುತ್ತ, ಸ್ಪಷ್ಟವಾಗಿ, ಒಂದು ಅಕ್ಷರ ತಪ್ಪದೆ ಹೇಳಿದಳು.

"ಯು ಆರ್ ಲೇಟ್."

ಸಾಹೇಬರ ಮುಂದೆ ಹೇಳಿದ್ದರೆ ಚಪ್ಪಾಳೆ ಬೀಳುತ್ತಿದ್ದ ವಾಕ್ಯ. ಅದರಲ್ಲಿ 'ರಿ' ಇರಲಿಲ್ಲ, 'ಅಕ್ಕೋರ' ಇರಲಿಲ್ಲ.

ಆಮೇಲೆ ನನಗೆ ಉಳಿದಿದ್ದ ಅವಧಿಯಲ್ಲಿ ಪ್ರತಿ ತರಗತಿಗೂ ಒಂದು ಮಾತು ಹೇಳಿದೆ. ನಾನು ನಿಮಗೆ ಏನಾದರೂ ಹೇಳಬೇಕಾದರೆ ನಾನೇ ಬಂದು ಹೇಳುತ್ತೇನೆ, ನನ್ನ ಹೆಸರಲ್ಲಿ ಯಾರೇ ಬಂದು ಹೇಳಿದರೂ ನಂಬಬೇಡಿ. "ಯಾರ ಹೇಳಿದ್ರೂ ಏನ್ರಿ ಅಕ್ಕೋರ?" ಎಂದು ಮಕ್ಕಳು ಕೇಳುತ್ತಿದ್ದರು. ಹೌದು, ಯಾರು ಹೇಳಿದರೂ. ನನ್ನ ಜೊತೆ ಕೂತು ರೊಟ್ಟಿ ತಿಂದವರು ಹೇಳಿದರೂ.