ಹೊಂಗೆ ಮರದಡಿಯ ಒಂಬತ್ತನೇ 'ಸಿ'

ಕೋವಿಡ್ ರಜೆಗಳೆಲ್ಲ ಮುಗಿದು ಶಾಲೆಗಳು ಮತ್ತೆ ಪೂರ್ತಿ ನಡೆಯತೊಡಗಿದ ವರ್ಷದ ಜೂನ್‌ನಲ್ಲಿ ಕೊಳ್ಳೇಗಾಲದ ಒಂದು ಖಾಸಗಿ ಪ್ರೌಢಶಾಲೆ ನನ್ನನ್ನು ಗಣಿತ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿತು. ಸರ್ಕಾರಿ ಶಾಲೆಗಳಲ್ಲಿ ಇಂಥ ಹುದ್ದೆ ಇರುವುದಿಲ್ಲ. ನಮ್ಮ ಆಡಳಿತ ಮಂಡಳಿ ಕಾಲೇಜುಗಳನ್ನು ನೋಡಿ ಎಚ್‌ಒಡಿ ಎಂಬ ಹೆಸರನ್ನು ತಂದಿತ್ತು. ವಿಭಾಗದಲ್ಲಿ ನಾವಿದ್ದದ್ದೇ ನಾಲ್ಕು ಜನ. ನನಗೆ ಹದಿನಾರು ವರ್ಷದ ಅನುಭವ, ಮಹದೇವಸ್ವಾಮಿ ಮೇಷ್ಟ್ರಿಗೆ ಇಪ್ಪತ್ತನಾಲ್ಕು. ನನ್ನ ಬಳಿ ಎಂಎಸ್‌ಸಿ ಇತ್ತು, ಅವರ ಬಳಿ ಇರಲಿಲ್ಲ, ಅಷ್ಟೇ ಕಾರಣ. ಮೊದಲ ದಿನವೇ ಅವರು, "ಇನ್ಮೇಲೆ ಚಾಕ್‌ಪೀಸ್ ಮುಗಿದ್ರೂ ನಿಮ್ಮ ಸೈನು ಬೇಕು ಅನ್ನಿ ಮೇಡಂ" ಎಂದು ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರಿಯಿತು.

ಆ ಶಾಲೆಯಲ್ಲಿ ಆದಷ್ಟು ತರಗತಿಗೆ ಗಣಿತ ಮೊದಲ ಪೀರಿಯಡ್, ಒಂಬತ್ತನೇ ತರಗತಿಗಂತೂ ಮೂರೂ ಸೆಕ್ಷನ್ನಿಗೆ. ಬೆಳಗಿನ ತಲೆಗೆ ಲೆಕ್ಕ ಚೆನ್ನಾಗಿ ಹತ್ತುತ್ತದೆ ಎಂದು ಹಿಂದೆ ಯಾರೋ ಮಾಡಿಟ್ಟ ಏರ್ಪಾಡು. ಒಂಬತ್ತೂವರೆಗೆ ಗಂಟೆ. ತಡವಾಗಿ ಬಂದವರು ಆ ಪೀರಿಯಡ್ ಮುಗಿಯುವವರೆಗೆ ಅಂಗಳದ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಹಾಜರಿ ತೆಗೆಯುವುದು ಎರಡನೇ ಪೀರಿಯಡ್‌ನಲ್ಲಿ, ಹೀಗಾಗಿ ಪುಸ್ತಕದಲ್ಲಿ ಎಲ್ಲರೂ ಹಾಜರು. ಹೊಸ ಅಧಿಕಾರದ ಬಿಸಿಯಲ್ಲಿ ನಾನು ಈ ಶಿಸ್ತನ್ನು ಇನ್ನಷ್ಟು ಬಿಗಿ ಮಾಡಿದೆ. ಹೊನ್ನೂರಿನ ನನ್ನ ಮನೆಯಿಂದ ಯಳಂದೂರಿಗೆ ಆಟೋ, ಅಲ್ಲಿಂದ ಬಸ್ಸು ಹಿಡಿದು ನಾನೇ ಒಂಬತ್ತಕ್ಕೆ ಬರುವಾಗ ಇವರಿಗೇನು ಧಾಡಿ ಎಂದುಕೊಂಡಿದ್ದೆ. ಎರಡು ತಿಂಗಳಿಗೂ ಹೆಚ್ಚು ಕಾಲ ಆ ಮಕ್ಕಳನ್ನು ನಾನೂ ನಿಲ್ಲಿಸಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಜುಲೈ ಕೊನೆಯ ಕಿರುಪರೀಕ್ಷೆಯಲ್ಲಿ ಒಂಬತ್ತನೇ 'ಸಿ'ಯ ಹನ್ನೊಂದು ಮಕ್ಕಳಿಗೆ ಇಪ್ಪತ್ತಕ್ಕೆ ಮೂರರ ಮೇಲೆ ಬರಲಿಲ್ಲ. ಎಲ್ಲರೂ ಹನೂರು ಕಡೆಯ ಹಳ್ಳಿಗಳವರು. ಮಹದೇವಸ್ವಾಮಿ ಮೇಷ್ಟ್ರು ಆಶ್ಚರ್ಯಪಡಲಿಲ್ಲ. "ಆ ಕಡೆ ಮಕ್ಳಿಗೆ ಲೆಕ್ಕ ಹತ್ತಲ್ಲ ಮೇಡಂ, ನಾನು ನೋಡ್ತಾನೇ ಇದೀನಿ" ಎಂದರು. ನಾನು ನಂಬಿದೆ.

ಆಗಸ್ಟ್‌ನಲ್ಲಿ ಒಂದು ದಿನ ಹಿಂದಿ ಮೇಡಂ ರಜೆ ಹಾಕಿದ್ದರಿಂದ ಐದನೇ ಪೀರಿಯಡ್‌ಗೆ ನಾನು 'ಸಿ' ಸೆಕ್ಷನ್ನಿಗೆ ಹೋದೆ. ಬಹುಪದೋಕ್ತಿಗಳ ಅಪವರ್ತನವನ್ನು ಮೊದಲಿನಿಂದ ಹೇಳಿದೆ. ಪರೀಕ್ಷೆಯಲ್ಲಿ ಎರಡು ಅಂಕ ತೆಗೆದಿದ್ದ ಮಾದೇವಿ ಎಂಬ ಹುಡುಗಿ ಬೋರ್ಡಿಗೆ ಬಂದು ಮೂರು ಲೆಕ್ಕವನ್ನು ಸರಾಗವಾಗಿ ಬಿಡಿಸಿದಳು. ನನಗೆ ಸಿಟ್ಟೇ ಬಂತು. ಬರುತ್ತಲ್ಲ, ಮತ್ತೆ ಪರೀಕ್ಷೆಯಲ್ಲಿ ಯಾಕೆ ಬರೆಯಲಿಲ್ಲ ಎಂದು ಗದರಿದೆ.

"ಇದ್ನ ಈಗ್ ತಾನೆ ಏಳ್ಕೊಟ್ರಿ ಮಿಸ್. ಮೊದ್ಲು ಏಳ್ಕೊಟ್ಟಾಗ ನಾವು ಮರದಡೀಲಿದ್ವಿ."

ಮಾರನೆಯ ಬೆಳಿಗ್ಗೆ ಮೊದಲ ಪೀರಿಯಡ್‌ಗೆ ರಜೆ ಹೇಳಿ ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಹನೂರು ಕಡೆಯಿಂದ ಆ ಮಕ್ಕಳು ಬರುವ ಬಸ್ಸು ಬಂದದ್ದು ಒಂಬತ್ತು ಐವತ್ತಕ್ಕೆ. ಅವರ ಊರುಗಳಿಂದ ಅದಕ್ಕೂ ಮುಂಚೆ ಬೇರೆ ಬಸ್ಸೇ ಇರಲಿಲ್ಲ. ಇಳಿದವರು ಚೀಲ ಹಿಡಿದು ಓಡಿದರು. ಶಾಲೆ ತಲುಪಿದಾಗ ಹತ್ತು ಗಂಟೆ. ಓಡಿ ಬಂದವರು ನೇರವಾಗಿ ಮರದ ಕೆಳಗೆ ಹೋಗಿ ಸಾಲಾಗಿ ನಿಂತರು. ಯಾರೂ ಹೇಳಬೇಕಾಗಿರಲಿಲ್ಲ. ಅವರಲ್ಲಿ ಕೆಲವರು ಎಂಟನೇ ತರಗತಿಯಿಂದಲೂ ಗಣಿತದ ಪಾಠವನ್ನೇ ಕೇಳಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮುಖ್ಯೋಪಾಧ್ಯಾಯರು ನನಗೊಂದು ಖಾಲಿ ಹಾಳೆ ಕಳಿಸಿದರು. ಅದರ ಹೆಸರು ಸಲಹಾ ಪಟ್ಟಿ. ಗಣಿತದಲ್ಲಿ ಪಾಸಾಗಲಾರದ ಒಂಬತ್ತನೇ ತರಗತಿಯವರ ಹೆಸರನ್ನು ವಿಭಾಗದ ಮುಖ್ಯಸ್ಥರು ಬರೆದು ಸಹಿ ಹಾಕಬೇಕು. ಪೋಷಕರನ್ನು ಕರೆಸಿ ಟಿ.ಸಿ., ಅಂದರೆ ವರ್ಗಾವಣೆ ಪತ್ರ, ತೆಗೆದುಕೊಳ್ಳಲು 'ಸಲಹೆ' ಕೊಡುತ್ತಾರೆ. ಎಸ್‌ಎಸ್‌ಎಲ್‌ಸಿಗೆ ಗೆಲ್ಲುವವರಷ್ಟೇ ಉಳಿದರೆ ಗೇಟಿನ ಫ್ಲೆಕ್ಸ್‌ನಲ್ಲಿ ಶೇಕಡ ನೂರು ಫಲಿತಾಂಶ. ಹೊರಗೆ ಹಾಕುವುದಲ್ಲ, ಸಲಹೆ ಕೊಡುವುದು. ಅಳಿಯ ಅಲ್ಲ, ಮಗಳ ಗಂಡ.

ನನ್ನ ಸಹಿಗೂ ಮೊದಲೇ ಮಾದೇವಿಯ ಅಪ್ಪನಿಗೆ ಕರೆ ಹೋಗಿತ್ತು. ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದರು:

"ಟೀಸಿ ಅಂದ್ರೆ ಬ್ಯಾರೆ ಇಸ್ಕೂಲ್ಗೆ ಸೇರ್ಸದಾ ಮೇಡಮ್ಮೋರೆ? ನಡು ವರ್ಸ ಯಾರು ಸೇರುಸ್ಕಂಡರು? ಈ ವರ್ಸ ನಿಂತ್ರೆ ಅವ್ಳು ನಿಂತೇ ಓಯ್ತಾಳೆ."

"ಮಗಳನ್ನ ಯಾರೂ ಕಳಿಸಲ್ಲ, ನೀವು ಊರಿಗೆ ಹೋಗಿ" ಎಂದೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ.

ಹಾಳೆಯಲ್ಲಿ ಹನ್ನೊಂದೂ ಹೆಸರು ಬರೆದೆ. ಕೆಳಗೆ, "ಇವರಿಗೆ ಗಣಿತ ಪಾಠವೇ ಆಗಿಲ್ಲ. ತಪ್ಪು ವಿಭಾಗದ್ದು, ಮಕ್ಕಳದ್ದಲ್ಲ" ಎಂದು ಬರೆದು ಸಹಿ ಹಾಕಿ ಕೊಟ್ಟೆ. ಮುಖ್ಯೋಪಾಧ್ಯಾಯರು ಎರಡು ಸಲ ಓದಿದರು.

"ಇದನ್ನ ಮ್ಯಾನೇಜ್‌ಮೆಂಟಿಗೆ ಹೇಗಮ್ಮ ಕಳಿಸಲಿ?"

"ಹಾಗೇ ಕಳಿಸಿ ಸರ್."

ಜೊತೆಗೆ ಹೊಸ ವೇಳಾಪಟ್ಟಿಯನ್ನೂ ಮೇಜಿನ ಮೇಲಿಟ್ಟೆ. 'ಸಿ' ಸೆಕ್ಷನ್ನಿಗೆ ಗಣಿತ ನಾಲ್ಕನೇ ಪೀರಿಯಡ್. ಮೊದಲ ಪೀರಿಯಡ್‌ಗೆ ಆಟ, ಚಿತ್ರಕಲೆ, ಗ್ರಂಥಾಲಯ. ತಡವಾಗಿ ಬಂದವರು ನೇರ ಒಳಗೆ. ಆ ತರಗತಿ ಇನ್ನು ನನ್ನದು. ಅಲ್ಲಿಯವರೆಗೆ ಎಚ್‌ಒಡಿಗೆ 'ಎ' ಸೆಕ್ಷನ್, ಹೊಸಬರಿಗೆ 'ಸಿ' ಎನ್ನುವುದು ಸಂಪ್ರದಾಯವಾಗಿತ್ತು.

ಸ್ಟಾಫ್ ರೂಮಿನಲ್ಲಿ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನನ್ನ ಬೆನ್ನ ಹಿಂದೆ ಓಡಾಡಿತು. ಮಹದೇವಸ್ವಾಮಿ ಮೇಷ್ಟ್ರು ಮಾತ್ರ ಎದುರಿಗೇ ಹೇಳಿದರು: "ನಾಲ್ಕನೇ ಪೀರಿಯಡ್‌ಗೆ ಮಕ್ಳು ಹಸ್ದಿರ್ತಾರೆ ಮೇಡಂ. ಹಸಿದ ತಲೆಗೆ ಏನು ಹೋಗುತ್ತೆ?"

"ಮರದಡಿ ನಿಂತ ತಲೆಗೆ ಹೋದದ್ದಕ್ಕಿಂತ ಜಾಸ್ತಿ ಹೋಗುತ್ತೆ" ಎಂದೆ.

ಆಡಳಿತ ಮಂಡಳಿಯಿಂದ ಮೆಮೋ ಬಂತು. ಹೊಸ ವೇಳಾಪಟ್ಟಿ ನಡೆಯಲಿ, ವಾರ್ಷಿಕ ಪರೀಕ್ಷೆಯವರೆಗೆ ಸಲಹಾ ಪಟ್ಟಿಯನ್ನು ತಡೆಹಿಡಿಯಲಾಗಿದೆ, ಆ ಫಲಿತಾಂಶ ನೋಡಿ ನನ್ನ ಹುದ್ದೆಯ ಬಗ್ಗೆಯೂ ತೀರ್ಮಾನಿಸಲಾಗುವುದು ಎಂದಿತ್ತು. ಕೆಲಸ ಹೋದರೆ ಏನು ಮಾಡುವುದೆಂದು ನನಗೂ ಭಯವಿತ್ತು. ಆದರೂ ಮೆಮೋವನ್ನು ಮಡಚಿ ಪಾಠಯೋಜನೆಯ ಪುಸ್ತಕದೊಳಗಿಟ್ಟು ತರಗತಿಗೆ ಹೋದೆ. ಎಂಟನೇ ತರಗತಿಯ ಪುಸ್ತಕದಿಂದ ಶುರು ಮಾಡಿ, ಊಟದ ಬಿಡುವಿನ ಅರ್ಧ ಗಂಟೆಯನ್ನೂ ಸೇರಿಸಿಕೊಂಡು ಮಾರ್ಚ್‌ವರೆಗೆ ಎಳೆದೆವು. ಪವಾಡ ಏನೂ ನಡೆಯಲಿಲ್ಲ. ಭಿನ್ನರಾಶಿ ಕೂಡುವುದನ್ನು ಕಲಿಸಲಿಕ್ಕೇ ಎರಡು ವಾರ ಹಿಡಿಯಿತು.

ವಾರ್ಷಿಕ ಪರೀಕ್ಷೆಯಲ್ಲಿ ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಪಾಸಾದರು. ಮಾದೇವಿಗೆ ನೂರಕ್ಕೆ ಐವತ್ತೆಂಟು. ಮಹದೇವಸ್ವಾಮಿ ಮೇಷ್ಟ್ರು ಉತ್ತರಪತ್ರಿಕೆಗಳನ್ನು ತರಿಸಿಕೊಂಡು ಒಂದೊಂದಾಗಿ ನೋಡಿ ಹಿಂದಿರುಗಿಸಿದರು. ಮುಂದಿನ ಜೂನ್‌ನಲ್ಲಿ ತಮ್ಮ 'ಬಿ' ಸೆಕ್ಷನ್ನಿನ ಗಣಿತವನ್ನೂ ನಾಲ್ಕನೇ ಪೀರಿಯಡ್‌ಗೆ ಹಾಕಿಸಿಕೊಂಡರು.

ಯಾರನ್ನಾದರೂ ದಡ್ಡರೆಂದು ಬರೆಯುವ ಮೊದಲು ಅವರಿಗೆ ಪಾಠವಾಗಿದೆಯೇ ಎಂದು ನೋಡುವುದೇ ವಿಭಾಗದ ಮುಖ್ಯಸ್ಥೆಯ ಮೊದಲ ಕೆಲಸ. ಹದಿನಾರು ವರ್ಷದ ಮೇಷ್ಟರಿಕೆ ಕಲಿಸದ್ದನ್ನು ಆ ಒಂದು ವರ್ಷ ಕಲಿಸಿತು.

ಫಲಿತಾಂಶದ ದಿನ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು. ಹುದ್ದೆಯ ವಿಷಯವನ್ನು ಎತ್ತಲಿಲ್ಲ. ಅಂಕಪಟ್ಟಿಯ ಮೇಲೆ ಬೆರಳಿಟ್ಟು, "ಆಯ್ತು ಮೇಡಂ, ಒಂಬತ್ತು ಜನ ಇರಲಿ. ಈ ಇಬ್ಬರನ್ನಾದರೂ ಕಳಿಸೋಣ" ಎಂದರು.

"ಇವರು ನನ್ನೆದುರು ಕೂತು ಫೇಲಾದವರು ಸರ್" ಎಂದೆ. "ಇವರನ್ನಂತೂ ಬಿಡೋದೇ ಇಲ್ಲ."