ವಂದನಾರ್ಪಣೆಯಲ್ಲಿ ಒಂದು ಅರ್ಜಿ

ನಮ್ಮ ಭಾಗದ ಮಕ್ಕಳ ವೈದ್ಯರ ಸಂಘಕ್ಕೆ ನಾನು ಪಿ.ಜಿ.ಗಳ ಪ್ರತಿನಿಧಿಯಾಗಿ ಆಯ್ಕೆಯಾದ ದಿನ ರಜೆಯಲ್ಲಿದ್ದೆ. ಆಯ್ಕೆಗೆ ಅದೇ ಕಾರಣ. ಪಿ.ಜಿ.ಗಳೆಂದರೆ ಎಂ.ಬಿ.ಬಿ.ಎಸ್. ಮುಗಿಸಿಯೂ ಇನ್ನೂ ಕಲಿಯುತ್ತಿರುವ ನಮ್ಮಂಥ ವೈದ್ಯರು. ಅಲ್ಲಿದ್ದವರಿಗೆಲ್ಲ ಬೇಡ ಅನ್ನಲು ಬಾಯಿತ್ತು, ಇಲ್ಲದಿದ್ದವಳು ನಾನೊಬ್ಬಳೇ. ಮಾರನೇ ದಿನ ನಮ್ಮ ವಿಭಾಗದ ಮುಖ್ಯಸ್ಥರು, ಸಂಘದ ಕಾರ್ಯದರ್ಶಿಯೂ ಅವರೇ, "ಕಂಗ್ರಾಟ್ಸ್ ಕಣಮ್ಮ. ಭಾನುವಾರ ಹೆಬ್ಬಾಳಕ್ಕೆ ಬಂದ್ಬಿಡು, ಹತ್ತೂವರೆಗೆ ಪ್ರೊಜೆಕ್ಟರ್ ಆನ್ ಆಗಿರ್ಬೇಕು" ಅಂದರು.

ಪ್ರತಿನಿಧಿಯ ಕೆಲಸ ಏನೆಂದು ಅರ್ಥವಾದದ್ದು ಹೆಬ್ಬಾಳದ ಹೋಟೆಲಿನ ಸಭಾಂಗಣಕ್ಕೆ ಹೋದ ಮೇಲೆ. ಹೂಗುಚ್ಛದ ತಟ್ಟೆ ಹಿಡಿದು ನಿಲ್ಲುವುದು, ಮೈಕ್ ಕೀರಲು ಶುರುಮಾಡಿದರೆ ಓಡುವುದು, ಕೊನೆಯಲ್ಲಿ ವಂದನಾರ್ಪಣೆ. ಕಾರ್ಯಸೂಚಿಯಲ್ಲಿ 'ಪಿ.ಜಿ. ಪ್ರತಿನಿಧಿಯ ಮಾತು' ಎಂಬ ಸಾಲೂ ಇತ್ತು, ಇಲ್ಲ ಅನ್ನಬಾರದು. ಅದು ಊಟಕ್ಕೆ ಸರಿಯಾಗಿ ಎರಡು ನಿಮಿಷ ಮುಂಚೆ ಇತ್ತು. ಬಿಸಿಬೇಳೆಬಾತಿನ ಘಮ ಒಳಗೆ ಬಂದ ಮೇಲೆ ಬ್ರಹ್ಮ ಬಂದು ನಿಂತರೂ ಕೇಳುವವರಿಲ್ಲ. "ಟೈಮ್ ಆಯ್ತಮ್ಮ, ಮುಂದಿನ ಸಲ ನೋಡೋಣ. ಥ್ಯಾಂಕ್ಸ್ ಒಂದು ಹೇಳ್ಬಿಡು" ಎನ್ನುತ್ತಿದ್ದರು ಅಧ್ಯಕ್ಷರು.

ನನಗೂ ಹೇಳುವಂಥದ್ದೇನೂ ಇರಲಿಲ್ಲ, ನನ್ನ ಜೂನಿಯರ್ ಒಬ್ಬಳು ವಾರ್ಡಿನ ಲಿಫ್ಟ್ ಪಕ್ಕ ನಿಂತು ಅಳುವವರೆಗೆ.

ಅವಳು ವಿಜಯಪುರದ ಕಡೆಯವಳು. ಹತ್ತು ತಿಂಗಳ ಮಗಳನ್ನು ಸೋಲದೇವನಹಳ್ಳಿಯ ಬಾಡಿಗೆ ಮನೆಯಲ್ಲಿ ತಾಯಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ನಮ್ಮಲ್ಲಿ ಇಪ್ಪತ್ನಾಲ್ಕು ಗಂಟೆಯ ಡ್ಯೂಟಿ ಮುಗಿದರೆ ಮನೆಗೆ ಹೋಗುವ ಪದ್ಧತಿಯೇ ಇರಲಿಲ್ಲ. ರೌಂಡ್ಸ್, ಆಮೇಲೆ ಒ.ಪಿ.ಡಿ., ಆಮೇಲೆ ಡಿಸ್ಚಾರ್ಜ್ ಕಾಗದ, ಅಂತೂ ಕತ್ತಲಾಗುತ್ತಿತ್ತು. ಅವಳು ಮನೆ ಸೇರುವಾಗ ಮಗು ಮಲಗಿರುತ್ತಿತ್ತು. ಎದ್ದಿದ್ದರೆ ಅಜ್ಜಿಯ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡು ಇವಳನ್ನು ಯಾರೋ ಎಂಬಂತೆ ನೋಡುತ್ತಿತ್ತು. ದಿನವಿಡೀ ಬೇರೆ ತಾಯಂದಿರಿಗೆ ಮಗುವನ್ನು ಎದೆಗೊತ್ತಿಕೊಂಡಿರಿ ಎಂದು ಬುದ್ಧಿ ಹೇಳುವವಳು ಅವಳು.

"ಇನ್ನೊಂದ ಮೂರ್ನಾಲ್ಕ ತಿಂಗಳ ನೋಡ್ತೀನ್ರಿ ಅಕ್ಕಾರ. ಇಲ್ಲಾಂದ್ರ ಸೀಟು ಬಿಟ್ಟು ಊರಿಗೆ ಹೋಗ್ತೀನಿ" ಅಂದಳು. ಹಸುಗೂಸಿನ ಕೂದಲೆಳೆಯಂಥ ನರಕ್ಕೆ ಒಂದೇ ಸಲಕ್ಕೆ ಸೂಜಿ ಹಾಕುವ ಕೈ ನಮ್ಮ ವಿಭಾಗದಲ್ಲಿ ಅವಳೊಬ್ಬಳದೇ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದೆ ಇನ್ನೂ ಹೆಚ್ಚು ಬಂತು.

ವಿಭಾಗದಲ್ಲಿ ಕೇಳಿದರೆ "ನಮ್ ಕಾಲ್ದಲ್ಲಿ ಮೂರ್ ದಿನ ಮನೆ ಮುಖ ನೋಡ್ತಿರ್ಲಿಲ್ಲ" ಎಂಬ ಪುರಾಣ ಶುರುವಾಗುತ್ತದೆ. ಸಂಘದಿಂದ ಎಲ್ಲ ಆಸ್ಪತ್ರೆಗಳಿಗೂ ಒಂದು ಪತ್ರ ಹೋದರೆ ಮಾತು ಬೇರೆ. ಹಾಗಾಗಿ ಎರಡು ಸಭೆಗಳಲ್ಲಿ ಕೈಯೆತ್ತಿದೆ. ಎರಡರಲ್ಲೂ ಊಟ ಗೆದ್ದಿತು.

ಅಷ್ಟರಲ್ಲಿ ನಾನೊಂದು ಗಮನಿಸಿದ್ದೆ. ನಾನು ಮಾತಿಗೆ ನಿಂತರೆ ಎದ್ದು ಹೋಗುವ ಹಿರಿಯರು ವಂದನಾರ್ಪಣೆಗೆ ನಿಂತರೆ ಅಲುಗಾಡುವುದಿಲ್ಲ. ತಮ್ಮ ಹೆಸರು ಬರಬೇಕಲ್ಲ. ಹೆಸರು ಬಂದವರು ಕೈಮುಗಿದು ಊಟಕ್ಕೆ, ಬಾರದವರು ಕುರ್ಚಿಯಲ್ಲಿ. ಮೂರನೇ ಸಭೆಯಲ್ಲಿ ಹೋಟೆಲಿನವರಿಗೂ ಮೈಕಿನವರಿಗೂ ಮೊದಲು ವಂದಿಸಿ, ಹಿರಿಯರ ಹೆಸರುಗಳನ್ನೆಲ್ಲ ಕೊನೆಗೆ ಇಟ್ಟುಕೊಂಡೆ. ನಡುವೆ, "ಇಪ್ಪತ್ನಾಲ್ಕು ಗಂಟೆ ಡ್ಯೂಟಿ ಮುಗಿಸಿ ಮತ್ತೆ ಸಂಜೆವರೆಗೂ ನಿಂತಿರುವ ಪಿ.ಜಿ.ಗಳಿಗೂ ವಂದನೆಗಳು. ಅವರಲ್ಲಿ ಒಬ್ಬಳ ಮಗು ಈಗ ಅವಳ ಹತ್ತಿರ ಬರುತ್ತಿಲ್ಲ" ಎಂದೆ. ರೌಂಡ್ಸ್ ಮುಗಿದ ಕೂಡಲೇ ಡ್ಯೂಟಿ ಮುಗಿಸಿದ ಪಿ.ಜಿ.ಗಳನ್ನು ಮನೆಗೆ ಕಳಿಸಿ ಎಂದು ಸಂಘ ಪತ್ರ ಬರೆಯಬೇಕು ಎಂದೂ ಸೇರಿಸಿದೆ. ಯಾರೂ ಏಳಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿದರು, ನನ್ನ ಕೈಯಲ್ಲಿದ್ದ ಉದ್ದನೆಯ ಪಟ್ಟಿ ನೋಡಿದರು. "ಆಯ್ತು, ಬರ್ಕೊಂಡ್ ಬಾಮ್ಮ, ಸೈನ್ ಹಾಕಿಸ್ತೀನಿ. ಈಗ ಮುಂದಕ್ಕೆ ಓದು" ಅಂದರು.

ಸಂಘದ ಕಾಗದಪತ್ರಗಳನ್ನೆಲ್ಲ ಬರೆಯುವುದು ಪ್ರತಿನಿಧಿಯೇ. ಬರೆದೆ, ಕಾರ್ಯದರ್ಶಿಗಳು ಸಹಿ ಹಾಕಿದರು. ವಾರದಲ್ಲಿ ಅದೇ ಪತ್ರ ನಮ್ಮ ವಿಭಾಗಕ್ಕೂ ಬಂತು. ಮುಖ್ಯಸ್ಥರು ಅದನ್ನು ನನ್ನ ಕೈಗಿಟ್ಟು, "ಇದಕ್ಕೊಂದು ರಿಪ್ಲೈ ಡ್ರಾಫ್ಟ್ ಮಾಡಮ್ಮ" ಅಂದರು. ವಿಭಾಗದ ಕಾಗದಗಳನ್ನು ಬರೆಯುವವರೂ ನಾವೇ ತಾನೆ. ನನ್ನ ಪತ್ರಕ್ಕೆ ನಾನೇ ಬಹಳ ವಿನಯದಿಂದ ಉತ್ತರ ಬರೆದೆ: ತಮ್ಮ ಸಲಹೆಯನ್ನು ಸ್ವಾಗತಿಸುತ್ತೇವೆ, ಸೋಮವಾರದಿಂದಲೇ ಜಾರಿಗೆ ತರುತ್ತೇವೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಸೋಮವಾರದಿಂದಾನೇ?"

"ಸಂಘದಿಂದ ನೀವೇ ಕೇಳಿದ್ದೀರಲ್ಲ ಸರ್" ಎಂದು ಪತ್ರದ ಕೆಳಗೆ 'ಕಾರ್ಯದರ್ಶಿ' ಎಂದು ಅವರೇ ಹಾಕಿದ್ದ ಸಹಿ ತೋರಿಸಿದೆ. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಸಹಿಯಂತೂ ಬಿತ್ತು.

ಆ ಮಂಗಳವಾರ ಹತ್ತು ಗಂಟೆಗೆ, ರೌಂಡ್ಸ್ ಮುಗಿದ ಕೂಡಲೇ, ಹಿಂದಿನ ದಿನದ ಡ್ಯೂಟಿ ಮುಗಿಸಿದ್ದ ನನ್ನ ಜೂನಿಯರನ್ನು ಹೋಗಲು ಬಿಟ್ಟರು. ಹನ್ನೊಂದಕ್ಕೆ ನಾನು ಕ್ಯಾಂಟೀನಿಗೆ ಹೋದರೆ ಖಾಲಿ ಲೋಟ ಹಿಡಿದುಕೊಂಡು ಅಲ್ಲೇ ಕೂತಿದ್ದಾಳೆ. ನನಗೆ ರೇಗಿತು.

"ಏನೇ, ಮನೆಗ್ ಹೋಗ್ಲಿ ಅಂತ ಇಷ್ಟೆಲ್ಲಾ ಮಾಡಿದ್ರೆ ಇಲ್ಲಿ ಕಾಫಿ ಕುಡೀತಿದ್ದೀಯಾ?"

"ಹೆದ್ರಿಕಿ ಆಗಾಕತ್ತೈತ್ರಿ ಅಕ್ಕಾರ" ಅಂದಳು. "ಇಷ್ಟ ದಿನ ಡ್ಯೂಟಿ ಐತಿ, ಅದಕ್ಕ ನನ್ನ ಕಡೆ ಬರವಲ್ದು ಅಂತಿದ್ದೆ. ಈಗ ಹೋದ ಮ್ಯಾಲೂ ಬರ್ಲಿಲ್ಲಂದ್ರ, ನನಗ ನಾನ ಏನಂತ ಹೇಳ್ಕೋಬೇಕ್ರಿ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾಚಿಕೆಯಾಯಿತು. ಒಂದೆರಡು ಗಂಟೆ ಪರ್ಮಿಷನ್ ಕೇಳಿ, ಅವಳನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟೆ.

ಬಾಗಿಲು ತೆರೆದದ್ದು ಅವಳ ತಾಯಿ. ಸೊಂಟದ ಮೇಲಿದ್ದ ಮಗು ನಮ್ಮಿಬ್ಬರನ್ನೂ ನೋಡಿ ಮುಖವನ್ನು ಸೆರಗಿನಲ್ಲಿ ಹುದುಗಿಸಿತು. ಅಜ್ಜಿ ಅದನ್ನು ಇವಳಿಗೆ ಕೊಡಲು ಮುಂದೆ ಬಂದರೆ ಕಿಟಾರನೆ ಕಿರುಚಿತು. ಅವಳು ಕೈ ಚಾಚಲಿಲ್ಲ. ಕೈಕಾಲು ತೊಳೆದು ಬಂದು, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಅಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಬಟ್ಟಲುಗಳನ್ನು ಒಂದರೊಳಗೊಂದು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಮಗು ಸೆರಗಿನ ಸಂದಿಯಿಂದ ಒಂದು ಕಣ್ಣು ಹೊರಗೆ ಹಾಕಿತು.

"ನೀವು ಹೋಗ್ರಿ ಅಕ್ಕಾರ" ಅಂದಳು, ನನ್ನ ಕಡೆ ನೋಡದೆ. "ಈಗಿನ್ನಾ ಹನ್ನೆರಡು. ಸಂಜಿ ತನಕ ಟೈಮ್ ಐತಿ ನನಗ."