ಬಿಲ್ಲೆಯಕ್ಕನ ಪಾಲಿಗೆ ಉಳಿದ ಅಂಚು

ಬೆಳಗಿನ ಐದು ಗಂಟೆ. ಇಸ್ತ್ರಿ ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿ ಬಿಲ್ಲೆಯಕ್ಕ ಒಲೆ ಹಚ್ಚಿ ಕೂತಿದ್ದಾರೆ. ಬೀದಿಯವರು ಅವರನ್ನು ಕರೆಯುವುದೇ ಹಾಗೆ. ಗೋಧಿಯ ನುಣ್ಣನೆ ಹಿಟ್ಟು, ನೀರು, ಅಷ್ಟೇ. ಉಪ್ಪು ಕೂಡ ಇಲ್ಲ. ಎರಡು ಕಾದ ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಸುರಿದು ಒತ್ತಿದರೆ ಶಿಲುಬೆಯ ಗುರುತಿರುವ ತೆಳು ಹಾಳೆ ಸಿದ್ಧ. ಅದನ್ನು ಒದ್ದೆ ಬಟ್ಟೆಯಡಿ ಒಂದು ಗಂಟೆ ಇಟ್ಟು, ಆಮೇಲೆ ದುಂಡನೆಯ ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಅವಸರ ಮಾಡಿದರೆ ಪುಡಿಪುಡಿ. ಚರ್ಚಿನ ಪ್ರಭುಭೋಜನದಲ್ಲಿ ಯೇಸುವಿನ ದೇಹವೆಂದು ಪಾದ್ರಿಗಳು ಭಕ್ತರ ಅಂಗೈಗೆ ಇಡುವ ರೊಟ್ಟಿ ಇದು.

ವಾರಕ್ಕೆ ಎಂಟುನೂರು ಬಿಲ್ಲೆ, ಇಪ್ಪತ್ತೆರಡು ವರ್ಷದಿಂದ. ಅದರಲ್ಲಿ ಒಂದೂ ಪ್ರಭುಭೋಜನದ ಮೇಜಿನಿಂದ ಇವರ ಕೈಗೆ ಬಂದಿಲ್ಲ. ದೀಕ್ಷಾಸ್ನಾನವಾಗಿ ಚರ್ಚಿನ ಸಭೆಗೆ ಸೇರಿದವರಿಗಷ್ಟೇ ಅದು; ಇವರು ಸಭೆಯವರಲ್ಲ.

ಹುಟ್ಟಿದ್ದು ಬೇರೆ ಊರು, ಬೇರೆ ದೇವರ ಮನೆತನ. ಗಂಡ ತೀರಿಕೊಂಡ ಮೇಲೆ ಕೈಕೂಸು ಎತ್ತಿಕೊಂಡು ಬಂದವರಿಗೆ ಚರ್ಚಿನ ಅಜ್ಜಿಯೊಬ್ಬರು ಈ ಕಸುಬು ಕಲಿಸಿದರು. ಕೆಲಸದ ಜೊತೆ ನಂಬಿಕೆಯೂ ಅಂಟಿಕೊಂಡಿತು. ದೀಕ್ಷಾಸ್ನಾನ ಕೊಡಿ ಎಂದು ಕೇಳಿ ಹನ್ನೊಂದು ವರ್ಷವಾಯಿತು. ಸಭೆಯ ಇಬ್ಬರು ಪಕ್ಕದಲ್ಲಿ ನಿಂತು ‘ಇವಳು ನಮ್ಮವಳು’ ಎನ್ನಬೇಕು, ಅಲ್ಲಿನ ಪದ್ಧತಿ. ಅಜ್ಜಿ ಆ ಹೊತ್ತಿಗೆ ತೀರಿಕೊಂಡಿದ್ದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಲೇ ಇದ್ದಾರೆ. ಹನ್ನೊಂದು ವರ್ಷ ನೋಡುವಂಥದ್ದು ಆ ಮುಖಗಳಲ್ಲಿ ಏನಿದೆಯೋ, ಇವರ ಬಗ್ಗೆ ಬರೆಯಲು ಬಂದ ನನಗಂತೂ ಕಾಣಲಿಲ್ಲ.

“ಕೆಟ್ಟವರಲ್ಲ ಅವರು,” ಎನ್ನುತ್ತಾರೆ ಬಿಲ್ಲೆಯಕ್ಕ. “ಸಿಕ್ಕಾಗ ಚೆನ್ನಾಗೇ ಮಾತಾಡಿಸ್ತಾರೆ. ಬಿಲ್ಲೆ ಸ್ವಲ್ಪ ಕಪ್ಪಾದ್ರೆ ಮಾತ್ರ ಡಬ್ಬಿ ಸಮೇತ ವಾಪಸ್ ಕಳಿಸ್ತಾರೆ.”

ಕಳೆದ ಭಾನುವಾರ ಪಾದ್ರಿಗಳು ಪರದೇಶದ ತಾಯಿಯೊಬ್ಬಳ ಕಥೆ ಹೇಳಿದರಂತೆ. ಮಗಳ ಕಾಯಿಲೆ ವಾಸಿಮಾಡು ಎಂದು ಯೇಸುವಿನ ಕಾಲಿಗೆ ಬಿದ್ದವಳು. ಮನೆಮಕ್ಕಳ ರೊಟ್ಟಿ ನಿನಗಲ್ಲ ಎಂದರೂ ಜಗ್ಗದೆ, ಮೇಜಿನಡಿ ಬಿದ್ದ ಚೂರಾದರೂ ಸಾಕು ಎಂದು ಕೇಳಿ ಗೆದ್ದವಳು. ದೇವರ ಕೃಪೆಗೆ ಒಳಗಿನವರು, ಹೊರಗಿನವರು ಎಂಬುದಿಲ್ಲ ಎಂದರು ಪಾದ್ರಿಗಳು. ಹಲವರು ಕಣ್ಣೊರೆಸಿಕೊಂಡರು. ಕೊನೆಯ ಬೆಂಚಿನಲ್ಲಿದ್ದ ಬಿಲ್ಲೆಯಕ್ಕ ಆ ಮಾತನ್ನು ನಂಬಿಬಿಟ್ಟರು. ಎದ್ದು ಸಾಲಿನಲ್ಲಿ ನಿಂತರು.

“ಕೈ ಚಾಚ್ದೆ. ಪಾದ್ರಿಗಳು ನನ್ನ ಮುಖ ನೋಡಿದ್ರು, ಆಮೇಲೆ ಮುಂದಿನ ಸಾಲಲ್ಲಿದ್ದ ಸಭೆ ಹಿರಿಯರ ಮುಖ ನೋಡಿದ್ರು. ನನ್ನ ತಲೆ ಮೇಲೆ ಕೈಯಿಟ್ಟು ಒಳ್ಳೇದಾಗ್ಲಿ ಅಂದ್ರು. ರೊಟ್ಟಿನ ನನ್ನ ಹಿಂದಿದ್ದೋರಿಗೆ ಕೊಟ್ರು. ಅಂಚು ಚೂರು ಸೊಟ್ಟಗಿತ್ತು, ಗುರುವಾರ ಕತ್ತರಿಸಿದ್ದು ಅದು. ನಂಗೆ ಗುರುತು ಸಿಗಲ್ವಾ?”

ಇದನ್ನು ಬರೆಯುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಮಾತ್ರ ಹೇಳುತ್ತಲೇ ಮುಂದಿನ ಬಿಲ್ಲೆ ಕತ್ತರಿಸಿದರು.

“ಇನ್ನೂ ಯಾಕಮ್ಮ ಅವರಿಗೆ ಸುಡ್ತೀಯ, ಬಿಟ್ಟಾಕು,” ಎಂದು ಹೊಲಿಗೆ ಕೆಲಸಕ್ಕೆ ಹೊರಟ ಮಗಳು ಗದರುತ್ತಾಳೆ. ತಾಯಿ ಬಿಲ್ಲೆ ಕತ್ತರಿಸಿ ಉಳಿದ ಅಂಚುಗಳನ್ನು ತಟ್ಟೆಗೆ ಹಾಕಿ ಅವಳತ್ತ ಸರಿಸುತ್ತಾರೆ. ಚಹಾದಲ್ಲಿ ಅದ್ದಿಕೊಂಡು ತಿನ್ನುವ ಈ ಚೂರುಗಳೇ ಮನೆಯ ಬೆಳಗಿನ ತಿಂಡಿ. ನನಗೂ ಒಂದು ಹಿಡಿ ಕೊಡುತ್ತಾರೆ, ನೀವು ಯಾರವರು ಎಂದು ಕೇಳದೆ.

ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

“ಸಾಯೋದ್ರೊಳಗೆ ಒಂದ್ಸಲ, ಕೈ ಚಾಚಿದಾಗ ಕೊಡ್ಲಿ.” ಹಲಗೆ ಮುಚ್ಚಿ ಒತ್ತುತ್ತಾರೆ. “ಕೊಡದಿದ್ರೂ ನಾನು ಮಾಡೋದು ನಿಲ್ಸಲ್ಲ. ದೇವರು ಅವರ ಹತ್ರ ಹೋಗ್ಬೇಕು ಅಂದ್ರೆ, ಮೊದ್ಲು ನಮ್ಮನೆಗೆ ಬಂದೇ ಹೋಗ್ಬೇಕು.”